ಏಡಿ ಹಿಡಿದು ಲಕ್ಷ ಎಣಿಸುವ ಕೆಲಸ: ಬೇರಿಂಗ್ ಸಮುದ್ರದಲ್ಲಿ ನಿಜಕ್ಕೂ ನಡೆಯುವುದೇನು?

ಮೂರು ತಿಂಗಳು ಕೆಲಸ, ಒಂಬತ್ತು ತಿಂಗಳು ರಜೆ, ಕೈಗೆ ಅರ್ಧ ಕೋಟಿ. ಇಂಥದ್ದೊಂದು ರೀಲ್ ನಿಮ್ಮ ಫೋನಿಗೂ ಬಂದಿರಬಹುದು. ಕಿತ್ತಳೆ ಬಣ್ಣದ ರೈನ್‌ಕೋಟ್ ಹಾಕಿದ ಗಂಡಸರು, ಮನೆಯೆತ್ತರದ ಅಲೆ, ಡೆಕ್ ಮೇಲೆ ರಾಶಿ ರಾಶಿ ಏಡಿ, ಹಿಂದೆ ಢಂ ಢಂ ಅನ್ನುವ ಮ್ಯೂಸಿಕ್ಕು. ಕೊನೆಯಲ್ಲಿ "ಆಸಕ್ತರು ಮೆಸೇಜ್ ಮಾಡಿ". ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಇದು ಬಂದಾಗ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಚಿಕ್ಕಪ್ಪನ ಮಗ "ಇದು ನಿಜಾನಾ ಅಣ್ಣ?" ಅಂತ ಕೇಳಿದ. ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಅವನಿಗೆ ವಾಯ್ಸ್ ಮೆಸೇಜಿನಲ್ಲಿ ಹೇಳಲು ಹೊರಟವನು ಅರ್ಧಕ್ಕೇ ನಿಲ್ಲಿಸಿ ಇದನ್ನು ಬರೆಯಲು ಕೂತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ದುಡ್ಡು ಒಂದು ಕಡೆ, ಅಪಾಯ ಇನ್ನೊಂದು ಕಡೆ ಅಂತ ಇಲ್ಲ. ಎರಡೂ ಒಂದೇ ಜಾಗದಿಂದ ಬರುತ್ತವೆ. ಎಷ್ಟು ಭಾರ ಹೇರಿದೆವು, ಎಷ್ಟು ಆತುರ ಮಾಡಿದೆವು, ಅಷ್ಟೇ.

## ಇದು ನಡೆಯುವುದು ಎಲ್ಲಿ?

ಉತ್ತರದ ಚಳಿಗಡಲುಗಳಲ್ಲಿ ಮೀನು ಹಿಡಿಯುವವರು ನಾರ್ವೆ, ಐಸ್‌ಲ್ಯಾಂಡ್, ರಷ್ಯಾ ಎಲ್ಲ ಕಡೆ ಇದ್ದಾರೆ. ರೀಲ್‌ನಲ್ಲಿ ಕಾಣುವುದು ಮಾತ್ರ ಹೆಚ್ಚಾಗಿ ಅಮೆರಿಕದ ಅಲಾಸ್ಕಾದ ಏಡಿ ಹಡಗುಗಳು. ಹಾಗಾಗಿ ಅಲ್ಲಿಗೇ ಹೋಗೋಣ.

ಭೂಪಟದಲ್ಲಿ ಅಲಾಸ್ಕಾದ ಕೆಳಗಿನ ಮೂಲೆಯಿಂದ ರಷ್ಯಾದ ಕಡೆಗೆ ಮಣಿಸರದ ಹಾಗೆ ದ್ವೀಪಗಳ ಸಾಲೊಂದು ಹೊರಡುತ್ತದೆ. ಅವು ಅಲ್ಯೂಷಿಯನ್ ದ್ವೀಪಗಳು. ಆ ಸಾಲಿನ ಉತ್ತರಕ್ಕಿರುವುದೇ ಬೇರಿಂಗ್ ಸಮುದ್ರ. ಆ ಸಾಲಿನಲ್ಲಿರುವ ಉನಲಾಸ್ಕ ಎಂಬ ಸಣ್ಣ ಊರಿನ ಬಂದರು ಡಚ್ ಹಾರ್ಬರ್. ಊರಿನ ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ಹತ್ತಿರದ ದೊಡ್ಡ ಊರು ಆಂಕರೇಜ್, ಅದೂ ಸುಮಾರು 1,300 ಕಿಲೋಮೀಟರ್ ದೂರ. ಆದರೆ ಮೀನಿನ ತೂಕದ ಲೆಕ್ಕದಲ್ಲಿ ಎಷ್ಟೋ ವರ್ಷ ಅಮೆರಿಕಕ್ಕೇ ನಂಬರ್ ಒನ್ ಬಂದರು ಇದು.

ಬೇರಿಂಗ್ ಸಮುದ್ರದ ಪೂರ್ವದ ಅರ್ಧ ಅಂಥಾ ಆಳವಿಲ್ಲ. ಬಹಳ ಕಡೆ 200 ಮೀಟರಿಗಿಂತ ಕಡಿಮೆ. ತಟ್ಟೆಯಂಥ ಈ ತಳವೇ ಏಡಿಗಳ ಊರು. ಪೋಷಕಾಂಶ, ಆಹಾರ ಎಲ್ಲ ಅಲ್ಲಿ ಹೇರಳ. ಆದರೆ ಆಳ ಕಡಿಮೆಯಿದ್ದಲ್ಲಿ ಬಿರುಗಾಳಿ ಎದ್ದರೆ ಅಲೆಗಳು ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತವೆ. ಏಡಿಗೆ ಒಳ್ಳೆಯದಾದ ತಳವೇ ಹಡಗಿಗೆ ಕೆಟ್ಟದ್ದು.

ಹಿಡಿಯುವುದು ಮುಖ್ಯವಾಗಿ ಎರಡು ಜಾತಿ. ಕಿಂಗ್ ಕ್ರ್ಯಾಬ್ ದೊಡ್ಡದು. ತುಂಬ ಬೆಳೆದರೆ 10 ಕಿಲೋ ದಾಟುತ್ತದೆ, ಕಾಲು ಚಾಚಿದರೆ ಒಂದೂವರೆ ಮೀಟರ್. ಇದರ ಸೀಸನ್ನು ಅಕ್ಟೋಬರ್ ಮಧ್ಯದಲ್ಲಿ ಶುರು. ಇನ್ನೊಂದು ಸ್ನೋ ಕ್ರ್ಯಾಬ್. ಚಿಕ್ಕದು, ಸಂಖ್ಯೆ ಜಾಸ್ತಿ, ಹಿಡಿಯುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್ ತನಕ. ಅಂದರೆ ಚಳಿ ಕೊರೆಯುವ ದಿನಗಳಲ್ಲೇ.

## ಬಲೆ ಅಲ್ಲ, ಬೋನು

ಏಡಿಯನ್ನು ಇಲ್ಲಿ ಬಲೆ ಬೀಸಿ ಹಿಡಿಯುವುದಿಲ್ಲ. ಚಿರತೆ ಹಿಡಿಯಲು ಅರಣ್ಯ ಇಲಾಖೆಯವರು ತೋಟದಲ್ಲಿ ಇಡುತ್ತಾರಲ್ಲ, ಆ ಥರದ ಬೋನು. ಅಲ್ಲಿನವರು ಅದನ್ನು 'ಪಾಟ್' ಅನ್ನುತ್ತಾರೆ. ಕಬ್ಬಿಣದ ಸರಳಿನ ಚೌಕಟ್ಟು, ಸುತ್ತ ನೈಲಾನ್ ಜಾಲ, ಉದ್ದ ಏಳು ಅಡಿ, ಅಗಲ ಏಳು ಅಡಿ. ಖಾಲಿ ಇದ್ದಾಗಲೇ 300 ಕಿಲೋ ಮೇಲೆ. ಮೂರು ನಾಲ್ಕು ಅಕ್ಕಿಮೂಟೆ ಅಲ್ಲ, ಆರು ಮೂಟೆಯ ಭಾರ.

ಕೆಲಸ ಹೀಗೆ ಸಾಗುತ್ತದೆ. ಒಳಗೆ ಕತ್ತರಿಸಿದ ಹೆರಿಂಗ್, ಕಾಡ್ ಮೀನಿನ ಎರೆ ಕಟ್ಟುತ್ತಾರೆ. ಕ್ರೇನ್‌ನಿಂದ ಬೋನನ್ನು ಎತ್ತಿ ಹಡಗಿನ ಅಂಚಿನಲ್ಲಿರುವ ಓರೆ ಹಲಗೆಯ ಮೇಲೆ ಇಡುತ್ತಾರೆ, ಹಲಗೆ ಎದ್ದು ಬೋನನ್ನು ಸಮುದ್ರಕ್ಕೆ ಜಾರಿಸುತ್ತದೆ. ಅದರ ಹಿಂದೆಯೇ ಹಗ್ಗದ ಸುರುಳಿ ಬಿಚ್ಚಿಕೊಂಡು ಓಡುತ್ತದೆ, ಕೊನೆಗೆ ಬಣ್ಣದ ತೇಲುಬುಂಡೆ. ಆ ಹಗ್ಗ ಓಡುವ ಎರಡು ಮೂರು ಸೆಕೆಂಡು ಇದೆಯಲ್ಲ, ಅಷ್ಟರಲ್ಲಿ ಕಾಲು ಅದರ ಸುರುಳಿಯೊಳಗೆ ಇದ್ದರೆ ಮುಗಿಯಿತು. 300 ಕಿಲೋ ಕಬ್ಬಿಣ ತಳಕ್ಕೆ ಹೋಗುತ್ತಿದೆ, ಅದಕ್ಕೆ ನೀವು ಕಟ್ಟಿಕೊಂಡಿದ್ದೀರಿ.

ಒಂದೆರಡು ದಿನ ಬಿಟ್ಟು ವಾಪಸ್ ಬಂದು, ಕೊಕ್ಕೆ ಎಸೆದು ತೇಲುಬುಂಡೆಯ ಹಗ್ಗ ಹಿಡಿದು, ಯಂತ್ರದ ರಾಟೆಗೆ ಹಾಕಿ ಎಳೆಯುತ್ತಾರೆ. ಬೋನು ಮೇಲೆ ಬಂದಾಗ ಅಲೆಯ ಓಲಾಟಕ್ಕೆ ಅದು ಉಯ್ಯಾಲೆ ಆಡುತ್ತಿರುತ್ತದೆ. ನಾಲ್ಕೈದು ಜನ ಸೇರಿ ಅದನ್ನು ಕೈಯಲ್ಲಿ ಹಿಡಿದು ಹಲಗೆಯ ಮೇಲೆ ಕೂರಿಸಬೇಕು. ಆಮೇಲೆ ಬಾಗಿಲು ಬಿಚ್ಚಿ ಏಡಿಗಳನ್ನು ಮೇಜಿಗೆ ಸುರಿದು ಆರಿಸುವುದು. ಹೆಣ್ಣು ಏಡಿ ಎಲ್ಲ ಸಮುದ್ರಕ್ಕೆ ವಾಪಸ್. ಗಂಡಿನಲ್ಲೂ ಅಳತೆಗಿಂತ ಚಿಕ್ಕದು ವಾಪಸ್. ಬೇರಿಂಗ್ ಸಮುದ್ರದ ಪೂರ್ವ ಮೂಲೆಯಲ್ಲಿರುವ ಬ್ರಿಸ್ಟಲ್ ಕೊಲ್ಲಿಯ ಕಿಂಗ್ ಕ್ರ್ಯಾಬ್‌ಗೆ ಚಿಪ್ಪಿನ ಅಗಲ ಆರೂವರೆ ಇಂಚು ಇರಲೇಬೇಕು, ಅಳತೆಕೋಲು ಕೈಯಲ್ಲೇ ಇರುತ್ತದೆ. ಉಳಿದದ್ದು ಹಡಗಿನ ಹೊಟ್ಟೆಯಲ್ಲಿರುವ ಸಮುದ್ರದ ನೀರಿನ ತೊಟ್ಟಿಗೆ. ಏಡಿಯನ್ನು ಜೀವಂತ ದಡಕ್ಕೆ ತರಬೇಕು, ಸತ್ತರೆ ಕಾರ್ಖಾನೆಯವರು ದುಡ್ಡು ಕೊಡುವುದಿಲ್ಲ. ಬಿರುಗಾಳಿಗೆ ಹೆದರಿ ಎಲ್ಲೋ ಮರೆಯಲ್ಲಿ ನಾಲ್ಕು ದಿನ ಜಾಸ್ತಿ ನಿಂತರೆ ತೊಟ್ಟಿಯಲ್ಲಿ ಸಾಯುವ ಏಡಿಯೂ ಜಾಸ್ತಿ. ಆತುರ ಶುರುವಾಗುವುದು ಇಲ್ಲಿಂದಲೇ.

ಇಷ್ಟು ಆದಮೇಲೆ ಹೊಸ ಎರೆ, ಮತ್ತೆ ನೀರಿಗೆ. ಮುಂದಿನ ಬೋನು. ಒಂದು ಹಡಗಿನಲ್ಲಿ ಇಂಥವು ನೂರಿನ್ನೂರು. ಏಡಿ ಬೀಳುತ್ತಿರುವಾಗ ದಿನಕ್ಕೆ 18, 20 ಗಂಟೆ ದುಡಿಯುವುದು ಅಲ್ಲಿ ಮಾಮೂಲು.

ನನಗೆ ಇಷ್ಟವಾದ ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಪ್ರತಿ ಬೋನಿನ ಜಾಲದಲ್ಲೂ ಒಂದು ಕಡೆ ನೈಲಾನ್ ಬದಲು ಹತ್ತಿಯ ದಾರದಲ್ಲಿ ಹೊಲಿಗೆ ಹಾಕಿರಬೇಕು ಅಂತ ಅಲಾಸ್ಕಾದಲ್ಲಿ ನಿಯಮ ಇದೆ. ಯಾಕೆ ಗೊತ್ತಾ? ಹಗ್ಗ ತುಂಡಾಗಿ ಬೋನು ತಳದಲ್ಲೇ ಉಳಿದುಬಿಟ್ಟರೆ ಒಳಗಿನ ಏಡಿ ಸಾಯುತ್ತದೆ, ಆ ಸತ್ತ ಏಡಿಯೇ ಎರೆಯಾಗಿ ಇನ್ನೊಂದು ಬರುತ್ತದೆ, ಅದೂ ಸಾಯುತ್ತದೆ. ಯಾರೂ ಹಿಡಿಯದ ಏಡಿಗಳು ವರ್ಷಗಟ್ಟಲೆ ಸುಮ್ನೆ ಸಾಯುತ್ತಿರುತ್ತವೆ. ಹತ್ತಿ ದಾರ ನೀರಿನಲ್ಲಿ ಕೊಳೆತು ಬಿಟ್ಟುಕೊಂಡರೆ ಬಾಗಿಲು ತೆರೆದ ಹಾಗೆ.

## ದುಡ್ಡು: ಸಂಬಳ ಅಲ್ಲ, ಪಾಲು

ರೀಲ್‌ನಲ್ಲಿ 'ಸ್ಯಾಲರಿ' ಅಂತ ಬರೆದಿರುತ್ತಾರೆ. ಅಲ್ಲೇ ಮೊದಲ ತಪ್ಪು. ಏಡಿ ಹಡಗಿನ ಡೆಕ್ ಕೆಲಸದವರಿಗೆ ತಿಂಗಳ ಸಂಬಳ ಇಲ್ಲ, ಪಾಲು. ಮಲ್ಪೆ, ಮಂಗಳೂರು ದಕ್ಕೆಯ ಕಡೆಯವರಿಗೆ ಇದು ಹೊಸದೇನಲ್ಲ. ಅಲ್ಲೂ ಬೋಟಿನವರಿಗೆ ಹಿಡಿದ ಮೀನಿನ ಮೇಲೆ ಪಾಲು ಕೊಡುವ ರೂಢಿ ಇದೆ.

ಲೆಕ್ಕ ಅರ್ಥವಾಗಲು ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳೋಣ. ನಿಜವಾದ ಹಡಗಿನದ್ದಲ್ಲ ಇದು. ಒಂದು ಸೀಸನ್ನಿನಲ್ಲಿ ಹಡಗು ಐದು ಕೋಟಿ ರೂಪಾಯಿಯ ಏಡಿ ಮಾರಿತು ಅನ್ನಿ. ಏಡಿ ಹಿಡಿಯುವ ಹಕ್ಕು ಇನ್ನೊಬ್ಬರ ಹೆಸರಿನಲ್ಲಿದ್ದರೆ ಅವರಿಗೆ ಬಾಡಿಗೆ ಹೋಗುತ್ತದೆ, ಅದು ಎಷ್ಟೋ ಸಲ ಅರ್ಧಕ್ಕಿಂತ ಜಾಸ್ತಿ. (ಈ ಹಕ್ಕಿನ ವಿಷಯ ಮುಂದೆ ಹೇಳುತ್ತೇನೆ.) ಉಳಿದ ಎರಡು ಚಿಲ್ಲರೆ ಕೋಟಿಯಲ್ಲಿ ಡೀಸೆಲ್, ಎರೆ, ಊಟದ ಖರ್ಚು ಕಳೆಯಿರಿ. ಎರಡು ಕೋಟಿ ಉಳಿಯಿತು. ಅದರಲ್ಲಿ ಹಡಗಿನ ಮಾಲೀಕನ ಪಾಲು, ಕ್ಯಾಪ್ಟನ್ ಪಾಲು, ಆಮೇಲೆ ಡೆಕ್ಕಿನವರು. ಅನುಭವ ಇದ್ದವನಿಗೆ ನೂರಕ್ಕೆ ಐದರಂತೆ ಸಿಕ್ಕರೆ ಹತ್ತು ಲಕ್ಷ. ಎರಡು ತಿಂಗಳಿಗೆ ಹತ್ತು ಲಕ್ಷ! ದೊಡ್ಡ ಮೊತ್ತವೇ, ಇಲ್ಲ ಅನ್ನಲ್ಲ. ಒಳ್ಳೆಯ ವರ್ಷದಲ್ಲಿ, ಒಳ್ಳೆಯ ಹಡಗಿನಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ದುಡಿದವರೂ ಇದ್ದಾರೆ.

ಆದರೆ ಮೊದಲ ಸಲ ಹೋಗುವವನಿಗೆ ಪೂರ್ತಿ ಪಾಲು ಸಿಗುವುದಿಲ್ಲ. ಅವನನ್ನು 'ಗ್ರೀನ್‌ಹಾರ್ನ್' ಅನ್ನುತ್ತಾರೆ, ನಮ್ಮ ಮಾತಿನಲ್ಲಿ ಹಸಿ ಹುಡುಗ. ಅರ್ಧ ಪಾಲು, ಅಥವಾ ಇಷ್ಟು ಅಂತ ಮಾತಾಡಿಕೊಂಡ ಮೊತ್ತ. ಇನ್ನು ಏಡಿಯೇ ಬೀಳದಿದ್ದರೆ? ಸೊನ್ನೆಯಲ್ಲಿ ನೂರಕ್ಕೆ ಐದು ಎಷ್ಟಾಗುತ್ತದೋ ಅಷ್ಟು.

ಪಾಲಿನ ಪದ್ಧತಿಯ ಇನ್ನೊಂದು ಮುಖ ಇದೆ. ನಿದ್ದೆ ಬಂದರೂ ಇನ್ನೊಂದು ಸಾಲು ಬೋನು ಎತ್ತೋಣ ಅನ್ನುವವನು ಕ್ಯಾಪ್ಟನ್ ಒಬ್ಬನೇ ಅಲ್ಲ, ಎಲ್ಲರಿಗೂ ಅದರಲ್ಲಿ ಪಾಲಿದೆ. ಬೇಡ ಅನ್ನುವವರು ಯಾರೂ ಇರುವುದಿಲ್ಲ.

## ಹಡಗು ಮಗುಚುವುದು ಅಲೆಯಿಂದಲೇ ಅಲ್ಲ

ಮಂಡ್ಯ ಕಡೆ ಕಬ್ಬಿನ ಸೀಸನ್ನಿನಲ್ಲಿ ಓಡಾಡಿದವರಿಗೆ ಗೊತ್ತು. ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಆಕಾಶ ಮುಟ್ಟುವ ಹಾಗೆ ಕಬ್ಬು ಹೇರಿಕೊಂಡು ಹೋಗುತ್ತಿರುತ್ತಾರೆ, ನೆಟ್ಟಗಿನ ರಸ್ತೆಯಲ್ಲಿ ಏನೂ ಆಗುವುದಿಲ್ಲ, ಒಂದು ಸಣ್ಣ ಗುಂಡಿಗೆ ಚಕ್ರ ಇಳಿದರೆ ಸಾಕು, ಇಡೀ ಟ್ರೈಲರ್ ಮಗುಚಿಕೊಳ್ಳುತ್ತದೆ. ಗುಂಡಿ ನೆಪ ಮಾತ್ರ. ಕಾರಣ ಭಾರ ಮೇಲಿದ್ದದ್ದು.

ಹಡಗೂ ಅಷ್ಟೇ. ಪ್ರತಿ ಹಡಗಿಗೂ ಒಂದು ಭಾರದ ಕೇಂದ್ರ ಇರುತ್ತದೆ. ಅದು ಕೆಳಗಿದ್ದಷ್ಟೂ, ಅಲೆ ಹೊಡೆದು ಓರೆಯಾದ ಹಡಗು ಗೊಂಬೆ ಎದ್ದ ಹಾಗೆ ನೆಟ್ಟಗಾಗುತ್ತದೆ. ಮೇಲೆ ಹೋದಷ್ಟೂ ಓರೆಯಾದದ್ದು ಓರೆಯಾಗಿಯೇ ಉಳಿಯುತ್ತದೆ. ಏಡಿ ಹಡಗು ಹೊರಡುವಾಗ ಈ ಬೋನುಗಳನ್ನೆಲ್ಲ ಡೆಕ್ ಮೇಲೆ ಒಂದರ ಮೇಲೊಂದು ಪೇರಿಸಿ ಸರಪಳಿ ಬಿಗಿದಿರುತ್ತಾರೆ. ನಾಲ್ಕೈದು ಅಂತಸ್ತಿನ ಕಬ್ಬಿಣದ ರಾಶಿ, ಅದೂ ಹಡಗಿನ ತಲೆಯ ಮೇಲೆ. ಎಷ್ಟು ಪೇರಿಸಬಹುದು ಅಂತ ಪ್ರತಿ ಹಡಗಿಗೂ ಎಂಜಿನಿಯರ್ ಲೆಕ್ಕ ಹಾಕಿ ಒಂದು ಪುಸ್ತಕ ಕೊಟ್ಟಿರುತ್ತಾನೆ.

2017ರ ಫೆಬ್ರವರಿ 11ರಂದು 'ಡೆಸ್ಟಿನೇಷನ್' ಎಂಬ ಹಡಗು ಸೇಂಟ್ ಜಾರ್ಜ್ ದ್ವೀಪದ ಹತ್ತಿರ ಮುಳುಗಿತು. ಆರು ಜನ ಇದ್ದರು, ಆರೂ ಜನ ಹೋದರು. ಆಮೇಲೆ ತನಿಖೆ ಮಾಡಿದವರು ತಳದಿಂದ ಒಂದು ಬೋನನ್ನು ಎತ್ತಿ ತೂಗಿದರು. ಪುಸ್ತಕದ ಲೆಕ್ಕದಲ್ಲಿ ಒಂದು ಬೋನು 700 ಪೌಂಡ್, ಅಂದರೆ ಸುಮಾರು 318 ಕಿಲೋ. ತಕ್ಕಡಿಯಲ್ಲಿ ಬಂದದ್ದು 840 ಪೌಂಡ್, 381 ಕಿಲೋ. ಒಂದಕ್ಕೆ 63 ಕಿಲೋ ವ್ಯತ್ಯಾಸ. ಅಯ್ಯೋ ಅಷ್ಟೇನಾ ಅನಿಸಬಹುದು, ಆದರೆ ಹಡಗಿನಲ್ಲಿದ್ದದ್ದು 200 ಬೋನು. ಗುಣಿಸಿ ನೋಡಿ, ಹನ್ನೆರಡೂವರೆ ಟನ್ ದಾಟುತ್ತದೆ. ದಸರಾದಲ್ಲಿ ಅಂಬಾರಿ ಹೊರುವಂಥ ಆನೆ ಐದು ಟನ್ ಆಸುಪಾಸು. ಯಾರ ಲೆಕ್ಕದಲ್ಲೂ ಇಲ್ಲದ ಎರಡೂವರೆ ಆನೆ ಆ ಹಡಗಿನ ನೆತ್ತಿಯ ಮೇಲೆ ನಿಂತಿತ್ತು.

ಅದರ ಮೇಲೆ ಐಸ್.

## ಹೆಪ್ಪುಗಟ್ಟುವ ಹನಿ

ಉಪ್ಪುನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಸುಮಾರು ಮೈನಸ್ 1.8ಕ್ಕೆ ಇಳಿಯಬೇಕು. ಬೇರಿಂಗ್ ಸಮುದ್ರದಲ್ಲಿ ಚಳಿಗಾಲದ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಹಡಗು ಅಲೆಗೆ ಮೂತಿ ಹೊಡೆದಾಗ ಏಳುವ ತುಂತುರು ಗಾಳಿಯಲ್ಲೇ ತಣ್ಣಗಾಗಿ, ಹಡಗಿಗೆ ತಾಗಿದ ಕೂಡಲೇ ಗಟ್ಟಿ. ಕಂಬಿ, ಹಗ್ಗ, ಕಿಟಕಿ, ಬೋನಿನ ಜಾಲ ಎಲ್ಲದಕ್ಕೂ ಪದರ ಪದರವಾಗಿ ಅಂಟಿಕೊಳ್ಳುತ್ತಾ ಹೋಗುತ್ತದೆ. ಹಳೇ ಫ್ರಿಜ್ಜಿನ ಫ್ರೀಜರ್ ಡಿಫ್ರಾಸ್ಟ್ ಮಾಡದೆ ಬಿಟ್ಟರೆ ಹೇಗೆ ಬೆಳೆಯುತ್ತದೆ, ಹಾಗೇ. ಆದರೆ ಇಲ್ಲಿ ತಿಂಗಳಲ್ಲ, ಗಂಟೆಗಳಲ್ಲಿ.

ಬೋನಿನ ಜಾಲದ ಒಂದೊಂದು ಕಣ್ಣೂ ಐಸ್ ಹಿಡಿಯಲು ಹೇಳಿ ಮಾಡಿಸಿದ ಹಾಗಿರುತ್ತದೆ. ಜೊತೆಗೆ ಗಾಳಿ ಒಂದೇ ಬದಿಯಿಂದ ಬೀಸುತ್ತಿದ್ದರೆ ಐಸೂ ಒಂದೇ ಬದಿಗೆ. ಹಡಗು ಮೇಲುಭಾರವಾಗುವುದು ಸಾಲದು ಅಂತ ಒಂದು ಕಡೆಗೆ ವಾಲುತ್ತದೆ ಕೂಡ.

ಇದಕ್ಕೆ ಮದ್ದೇನು? ನಂಬಿದರೆ ನಂಬಿ, ಮರದ ಸುತ್ತಿಗೆ ಮತ್ತು ಬೇಸ್‌ಬಾಲ್ ಬ್ಯಾಟು. 20 ಗಂಟೆ ದುಡಿದು ಮಲಗಿದವರನ್ನು ಎಬ್ಬಿಸಿ, ಕತ್ತಲಲ್ಲಿ, ಓಲಾಡುವ ಡೆಕ್ ಮೇಲೆ ಐಸ್ ಒಡೆಸುತ್ತಾರೆ. ಗಾಳಿ ಜಾಸ್ತಿಯಾದರೆ ಡೆಕ್ ಮೇಲೆ ಕಾಲಿಡಲೂ ಆಗುವುದಿಲ್ಲ. ಆಗ ಯಾವುದಾದರೂ ದ್ವೀಪದ ಮರೆಗೆ ಓಡುವುದೊಂದೇ ದಾರಿ.

2019ರ ಡಿಸೆಂಬರ್ 31ರ ರಾತ್ರಿ 'ಸ್ಕ್ಯಾಂಡೀಸ್ ರೋಸ್' ಹೀಗೇ ಮರೆ ಹುಡುಕಿಕೊಂಡು ಸುಟ್‌ವಿಕ್ ಎಂಬ ದ್ವೀಪದ ಕಡೆಗೆ ಹೋಗುತ್ತಿತ್ತು. 40 ಮೀಟರ್ ಉದ್ದದ ದೊಡ್ಡ ಹಡಗು, ಏಳು ಜನ. ಒಂದು ಬದಿಗೆ ಐಸ್ ತುಂಬಿ ವಾಲಿ ಮುಳುಗಿತು. ಇಬ್ಬರು ಬದುಕಿದರು. ಇದರ ತನಿಖೆಯಲ್ಲೂ ಹೊರಬಂದದ್ದು ಅದೇ, ಎಷ್ಟು ಭಾರ ಹೇರಬಹುದೆಂದು ಹೇಳುವ ಪುಸ್ತಕದ ಲೆಕ್ಕವೇ ಸರಿಯಿರಲಿಲ್ಲ. ನಿಯಮ ಪಾಲಿಸುತ್ತಿದ್ದೇವೆ ಅಂದುಕೊಂಡೇ ಹೊರಟಿದ್ದರು.

## ನೀರಿಗೆ ಬಿದ್ದರೆ ಎಷ್ಟು ಹೊತ್ತು?

ನಮ್ಮ ಅರಬ್ಬೀ ಸಮುದ್ರದ ನೀರು 28 ಡಿಗ್ರಿ ಆಸುಪಾಸು ಇರುತ್ತದೆ. ದೋಣಿ ಮಗುಚಿದರೂ ಒಂದು ಕ್ಯಾನ್ ಹಿಡಿದುಕೊಂಡು ಗಂಟೆಗಟ್ಟಲೆ ತೇಲಿ ಬದುಕಿದವರ ಸುದ್ದಿ ಆಗಾಗ ಓದುತ್ತೇವೆ. ಬೇರಿಂಗ್ ಸಮುದ್ರದ ಚಳಿಗಾಲದ ನೀರು ಎರಡು ಮೂರು ಡಿಗ್ರಿ. ಅಲ್ಲಿನ ತರಬೇತಿಯಲ್ಲಿ ಒಂದು ಸರಳ ಲೆಕ್ಕ ಹೇಳಿಕೊಡುತ್ತಾರೆ: ಒಂದು, ಹತ್ತು, ಒಂದು.

ಮೊದಲ ಒಂದು ನಿಮಿಷ ಉಸಿರಿನದು. ತಣ್ಣೀರು ಮೈಗೆ ಬಿದ್ದ ಕೂಡಲೇ ನಾವು ತಡೆಯಲಾಗದ ಹಾಗೆ ಉಸಿರು ಒಳಕ್ಕೆ ಎಳೆದುಕೊಳ್ಳುತ್ತೇವೆ. ಬೆಳಗಿನ ಜಾವ ತಲೆ ಮೇಲೆ ತಣ್ಣೀರು ಸುರಿದುಕೊಂಡಾಗ 'ಹಾ' ಅನ್ನುತ್ತೇವಲ್ಲ, ಅದರ ನೂರು ಪಟ್ಟು. ಆ ಹೊತ್ತಿಗೆ ಮುಖ ನೀರೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಈಜು ಬಂದರೂ ಬರದಿದ್ದರೂ ಒಂದೇ. ಮುಂದಿನ ಹತ್ತು ನಿಮಿಷ ಕೈಕಾಲಿನದು. ರಕ್ತ ಎದೆಯ ಕಡೆಗೆ ಸರಿದು ಬೆರಳುಗಳು ಮರಗಟ್ಟುತ್ತವೆ. ಎದುರಿಗೇ ಹಗ್ಗ ಎಸೆದರೂ ಹಿಡಿಯಲು ಆಗುವುದಿಲ್ಲ. ಆಮೇಲಿನ ಒಂದು ಗಂಟೆಯಲ್ಲಿ ದೇಹದ ಒಳಗಿನ ಬಿಸಿ ಇಳಿದು ಪ್ರಜ್ಞೆ ತಪ್ಪುತ್ತದೆ. ಚಳಿಗೆ ಸಾಯುತ್ತಾರೆ ಅಂದುಕೊಳ್ಳುತ್ತೇವೆ. ಆದರೆ ಎಷ್ಟೋ ಜನ ಚಳಿಗೆ ಸಾಯುವಷ್ಟು ಹೊತ್ತು ಬದುಕಿರುವುದೇ ಇಲ್ಲ, ಮೊದಲ ಹತ್ತು ನಿಮಿಷದಲ್ಲೇ ಮುಳುಗಿಬಿಡುತ್ತಾರೆ.

ಅದಕ್ಕೇ ಸರ್ವೈವಲ್ ಸೂಟು. ಕೆಂಪೋ ಕಿತ್ತಳೆಯೋ ಬಣ್ಣದ, ತಲೆಯಿಂದ ಪಾದದ ತನಕ ಒಂದೇ ತುಂಡಿನ ದಪ್ಪ ರಬ್ಬರಿನಂಥ ಉಡುಪು. ಹಾಕಿಕೊಂಡವರು ಉಬ್ಬಿದ ಗೊಂಬೆಯ ಹಾಗೆ ಕಾಣುತ್ತಾರೆ. ನೆಲದ ಮೇಲೆ ಹಾಸಿ, ಕೂತು, ಕಾಲು ತೂರಿಸಿ, ಕೈ ತೂರಿಸಿ, ತಲೆಗೆ ಟೋಪಿ ಎಳೆದು, ಜಿಪ್ಪು ಗಲ್ಲದ ತನಕ. ಇಷ್ಟನ್ನೂ 60 ಸೆಕೆಂಡಿನಲ್ಲಿ ಮುಗಿಸಬೇಕು ಅಂತ ಅಭ್ಯಾಸ ಮಾಡಿಸುತ್ತಾರೆ. ಯಾಕೆಂದರೆ ವಾಲಿದ ಹಡಗು ಅದಕ್ಕಿಂತ ಜಾಸ್ತಿ ಹೊತ್ತು ಕೊಡದೇ ಹೋಗಬಹುದು. 2008ರ ಮಾರ್ಚ್‌ನಲ್ಲಿ 'ಅಲಾಸ್ಕಾ ರೇಂಜರ್' ಎಂಬ ಮೀನಿನ ಹಡಗು ಬೆಳಗಿನ ಜಾವ ಮುಳುಗಿದಾಗ ಅದರಲ್ಲಿ 47 ಜನ ಇದ್ದರು. ಈ ಸೂಟು ತೊಟ್ಟು ನೀರಿಗಿಳಿದದ್ದರಿಂದ 42 ಜನ ಉಳಿದರು.

ಇನ್ನೊಂದು ಉಪಕರಣ ಬೀಕನ್. ಹಡಗು ಮುಳುಗಿದರೆ ಇದು ತಾನಾಗಿ ಕಳಚಿಕೊಂಡು ಮೇಲೆ ತೇಲಿ ಉಪಗ್ರಹಕ್ಕೆ ಜಾಗ ತಿಳಿಸುತ್ತದೆ. ಡೆಸ್ಟಿನೇಷನ್‌ನಿಂದ ಕಾಪಾಡಿ ಅನ್ನುವ ಒಂದು ಕರೆಯೂ ಬರಲಿಲ್ಲ, ಬಂದದ್ದು ಬೀಕನ್ನಿನ ಸಂಕೇತ ಮಾತ್ರ. ಎಲ್ಲಿ ಹುಡುಕಬೇಕು ಅನ್ನುವುದಾದರೂ ತಿಳಿಯಿತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಏಳು ಮೀನುಗಾರರ ಸಮೇತ ಕಾಣೆಯಾದದ್ದು ನೆನಪಿದೆಯಲ್ಲ? ಅದರ ಅವಶೇಷ ಸಿಗಲು 2019ರ ಮೇ ತಿಂಗಳ ತನಕ ಕಾಯಬೇಕಾಯಿತು.

ಈ ಕಸುಬು ಎಷ್ಟು ಅಪಾಯದ್ದು ಅನ್ನುವುದಕ್ಕೆ ಎರಡು ಅಂಕಿ ಸಾಕು. 2019ರಲ್ಲಿ ಅಮೆರಿಕದಲ್ಲಿ ಎಲ್ಲ ಕೆಲಸಗಳನ್ನೂ ಸೇರಿಸಿದರೆ ಲಕ್ಷ ಜನರಿಗೆ ಮೂರೂವರೆ ಮಂದಿ ಕೆಲಸದ ಜಾಗದಲ್ಲಿ ಸತ್ತರು. ಮೀನುಗಾರಿಕೆಯಂಥ ಕಸುಬಿನಲ್ಲಿ ಅದು 145. ಇನ್ನೊಂದು: 2000ದಿಂದ 2009ರ ತನಕ ಅಮೆರಿಕದ ಮೀನುಗಾರರಲ್ಲಿ 504 ಜನ ಸತ್ತರು, ಅವರಲ್ಲಿ 155 ಜನ ಡೆಕ್ಕಿನಿಂದ ನೀರಿಗೆ ಬಿದ್ದವರು. ಆ 155ರಲ್ಲಿ ಒಬ್ಬರೂ ಲೈಫ್ ಜಾಕೆಟ್ ಹಾಕಿರಲಿಲ್ಲ. ಕೆಲಸಕ್ಕೆ ಅಡ್ಡ ಬರುತ್ತದೆ ಅಂತ ಬಿಚ್ಚಿಡುತ್ತಾರೆ, ನಾವು ಹೆಲ್ಮೆಟ್ ಅನ್ನು ಕನ್ನಡಿಗೆ ನೇತುಹಾಕುವ ಹಾಗೆ.

## ಟವೆಲ್ ಹಾಕಿ ಸೀಟು ಹಿಡಿಯುವ ಕಾಲ

ಈಗ ಆತುರದ ವಿಷಯ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ಬಂದು ನಿಲ್ಲುವ ಮೊದಲೇ ಓಡಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ವಾ? ಮೊದಲು ಹಿಡಿದವನದ್ದೇ ಸೀಟು. 2005ರ ತನಕ ಬೇರಿಂಗ್ ಸಮುದ್ರದಲ್ಲಿ ಏಡಿ ಹಿಡಿಯುತ್ತಿದ್ದದ್ದು ಹೀಗೇ. 'ಡರ್ಬಿ' ಅನ್ನುತ್ತಿದ್ದರು, ಕುದುರೆ ರೇಸಿನ ಹೆಸರು. ಈ ವರ್ಷ ಇಷ್ಟು ಟನ್ ಏಡಿ ಹಿಡಿಯಬಹುದು ಅಂತ ಸರ್ಕಾರ ಹೇಳುತ್ತಿತ್ತು. ಇಂಥ ದಿನ ಇಷ್ಟು ಗಂಟೆಗೆ ಶುರು. ಎಲ್ಲ ಹಡಗಿನದ್ದೂ ಸೇರಿ ಆ ಟನ್ ಮುಟ್ಟಿದ ಕೂಡಲೇ ಬಂದ್.

ಆಗ ಏನಾಗುತ್ತದೆ? ಬಿರುಗಾಳಿ ಅಂತ ಒಂದು ದಿನ ನಿಂತರೆ ನಿಮ್ಮ ಏಡಿ ಪಕ್ಕದವನ ತೊಟ್ಟಿಯಲ್ಲಿ. 2004ರಲ್ಲಿ ಬ್ರಿಸ್ಟಲ್ ಕೊಲ್ಲಿಯ ಕಿಂಗ್ ಕ್ರ್ಯಾಬ್ ಸೀಸನ್ನು ಮೂರೇ ದಿನದಲ್ಲಿ ಮುಗಿಯಿತು. ವರ್ಷದ ಗಳಿಕೆ ಮೂರು ದಿನದ ಮೇಲೆ ನಿಂತಿರುವಾಗ ಯಾರು ಮಲಗುತ್ತಾರೆ? ಯಾರು ಹತ್ತು ಬೋನು ಇಳಿಸಿ ಹೋಗುತ್ತಾರೆ? 1990ರ ದಶಕದಲ್ಲಿ ಈ ಏಡಿ ಹಡಗುಗಳಲ್ಲೇ ವರ್ಷಕ್ಕೆ ಸರಾಸರಿ ಏಳೆಂಟು ಜನ ಸಾಯುತ್ತಿದ್ದರು.

ಬದಲಾವಣೆ ಎರಡು ಹಂತದಲ್ಲಿ ಬಂತು. 1999ರಿಂದ ಕೋಸ್ಟ್ ಗಾರ್ಡ್‌ನವರು ಸೀಸನ್ನಿಗೆ ಮೊದಲು ದಕ್ಕೆಗೇ ಬಂದು ಬೋನು ಎಣಿಸಲು ಶುರು ಮಾಡಿದರು. ಪುಸ್ತಕದಲ್ಲಿ ಬರೆದದ್ದಕ್ಕಿಂತ ಜಾಸ್ತಿ ಇದ್ದರೆ ಇಳಿಸು ಅಂತ. ಸಾವು ಅಲ್ಲಿಂದಲೇ ಇಳಿಯತೊಡಗಿತು. ಆದರೂ 2005ರ ಜನವರಿ 15ರಂದು, ಸ್ನೋ ಕ್ರ್ಯಾಬ್‌ನ ಕೊನೆಯ ಡರ್ಬಿ ಶುರುವಾದ ದಿನವೇ, 'ಬಿಗ್ ವ್ಯಾಲಿ' ಹಡಗು ಅತಿಭಾರದಿಂದ ಮುಳುಗಿತು. ಆರು ಜನರಲ್ಲಿ ಒಬ್ಬ ಉಳಿದ.

ಅದೇ ವರ್ಷ ಎರಡನೇ ಹಂತ: ಕೋಟಾ. ಟವೆಲ್ ಬದಲು ರಿಸರ್ವೇಷನ್ ಟಿಕೆಟ್ ಬಂದ ಹಾಗೆ. ಹಿಂದಿನ ವರ್ಷಗಳಲ್ಲಿ ಯಾರು ಎಷ್ಟು ಹಿಡಿದಿದ್ದರೋ ಅದರ ಮೇಲೆ ಹಕ್ಕು ಹಂಚಿದರು. ನಿಮ್ಮ ಪಾಲಿನ ಏಡಿಯನ್ನು ಸೀಸನ್ನಿನ ಒಳಗೆ ಯಾವಾಗ ಬೇಕಾದರೂ ಹಿಡಿಯಿರಿ, ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಗಾಳಿ ಎದ್ದರೆ ನಿಂತು ಹೋಗಬಹುದು. ಮೂರು ದಿನದ ಓಟ ವಾರಗಳ ಕೆಲಸವಾಯಿತು, ಸಾವು ಇನ್ನಷ್ಟು ಇಳಿಯಿತು.

ಆದರೆ ಇದಕ್ಕೂ ಬೆಲೆ ಇತ್ತು. ರೇಸೇ ಇಲ್ಲ ಅಂದಮೇಲೆ ಇಷ್ಟು ಹಡಗು ಯಾಕೆ? ಕಿಂಗ್ ಕ್ರ್ಯಾಬ್‌ಗೆ ಹೋಗುತ್ತಿದ್ದ ಹಡಗುಗಳು ಒಂದೇ ವರ್ಷದಲ್ಲಿ ಸುಮಾರು 250ರಿಂದ 89ಕ್ಕೆ ಇಳಿದವು. ಒಂದು ಹಡಗಿಗೆ ಆರು ಜನ ಅಂದರೂ ಒಂಬೈನೂರಕ್ಕೂ ಜಾಸ್ತಿ ಕೆಲಸ ಹೋಯಿತು. ಹಕ್ಕು ಇದ್ದವರು ತಾವು ಸಮುದ್ರಕ್ಕೆ ಇಳಿಯದೆ ಅದನ್ನು ಬಾಡಿಗೆಗೆ ಕೊಡತೊಡಗಿದರು. ಮೇಲೆ ಪಾಲಿನ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ ಅಂದೆನಲ್ಲ, ಅದು ಇದೇ. ಗೇಣಿ ಪದ್ಧತಿ ಕಂಡವರಿಗೆ ಬೇರೆ ವಿವರಣೆ ಬೇಡ. ಜೀವ ಉಳಿಯಿತು, ಪಾಲು ಕರಗಿತು. ಡೆಕ್ಕಿನವರಲ್ಲಿ ಇದರ ಬಗ್ಗೆ ಇವತ್ತಿಗೂ ಎರಡು ಮಾತಿದೆ.

## ಏಡಿಗಳೇ ಕಾಣೆಯಾದವು

ಇಷ್ಟೆಲ್ಲ ಸರಿಹೋದ ಮೇಲೆ ಯಾರೂ ಎಣಿಸದ ಕಡೆಯಿಂದ ಪೆಟ್ಟು ಬಿತ್ತು. 2018ರಲ್ಲಿ ತಳದ ಸಮೀಕ್ಷೆ ಮಾಡಿದಾಗ ಸ್ನೋ ಕ್ರ್ಯಾಬ್ ಎಂದೂ ಇಲ್ಲದಷ್ಟು ಕಂಡಿತ್ತು. 2020ರಲ್ಲಿ ಕೊರೊನಾ, ಸಮೀಕ್ಷೆ ಇಲ್ಲ. 2021ರಲ್ಲಿ ಹೋಗಿ ನೋಡಿದರೆ ಬಹುಪಾಲು ಮಾಯ. ಸಾವಿರ ಕೋಟಿಗೂ ಹೆಚ್ಚು ಏಡಿ! ಹಿಡಿದು ಖಾಲಿ ಮಾಡಿದ್ದಲ್ಲ, ಹಾಗೇ ಇಲ್ಲವಾದದ್ದು.

ಕಾರಣ ತಿಳಿಯಲು ಒಂದು ಪದ ಗೊತ್ತಿರಬೇಕು: ತಣ್ಣೀರಿನ ಮಡು. ಚಳಿಗಾಲದಲ್ಲಿ ಬೇರಿಂಗ್ ಸಮುದ್ರದ ಮೇಲೆ ಐಸ್ ಹಾಸು ಕಟ್ಟುತ್ತದೆ. ಅದರಿಂದ ತಳದಲ್ಲಿ ಎರಡು ಡಿಗ್ರಿಗಿಂತ ತಣ್ಣಗಿನ ನೀರಿನ ಪದರವೊಂದು ಬೇಸಿಗೆಯಲ್ಲೂ ಉಳಿದುಕೊಳ್ಳುತ್ತದೆ. ಮರಿ ಏಡಿಗಳಿಗೆ ಅದು ಕೋಟೆ ಇದ್ದ ಹಾಗೆ. ಅವುಗಳನ್ನು ತಿನ್ನುವ ಕಾಡ್ ಮೀನಿಗೆ ಅಷ್ಟು ತಣ್ಣೀರು ಆಗಿಬರುವುದಿಲ್ಲ. 2018 ಮತ್ತು 2019ರಲ್ಲಿ ಸಮುದ್ರ ಬಿಸಿಯಾಗಿ ಐಸ್ ಸರಿಯಾಗಿ ಕಟ್ಟಲೇ ಇಲ್ಲ, ಕೋಟೆ ಬಿತ್ತು.

ಆದರೆ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮುಖ್ಯ ಕೊಲೆಗಾರ ಹಸಿವು. ಏಡಿ ನಮ್ಮ ಹಾಗೆ ಬಿಸಿರಕ್ತದ ಪ್ರಾಣಿಯಲ್ಲ. ನೀರು ಬಿಸಿಯಾದಷ್ಟೂ ಅದರ ದೇಹ ಜೋರಾಗಿ ಓಡುತ್ತದೆ, ಊಟ ಜಾಸ್ತಿ ಬೇಕಾಗುತ್ತದೆ. ಐನೂರು ಜನಕ್ಕೆ ಅಡುಗೆ ಮಾಡಿದ ಮದುವೆಗೆ ಸಾವಿರ ಜನ ಬಂದರು, ಸಾಲದ್ದಕ್ಕೆ ಎಲ್ಲರಿಗೂ ಎಂದಿಗಿಂತ ಎರಡು ಪಟ್ಟು ಹಸಿವು. ಸಂಖ್ಯೆ ಏರಿದ್ದೂ ನೀರು ಬಿಸಿಯಾದದ್ದೂ ಒಂದೇ ಹೊತ್ತಿಗೆ ಆಗಿಹೋಯಿತು. 2018ರಲ್ಲಿ ಸಿಕ್ಕ ಏಡಿಗಳು ಅದೇ ಗಾತ್ರದ ಹಿಂದಿನ ಏಡಿಗಳಿಗಿಂತ ಹಗುರವಾಗಿದ್ದವು.

2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾ ಸರ್ಕಾರ ಸ್ನೋ ಕ್ರ್ಯಾಬ್ ಸೀಸನ್ನನ್ನೇ ರದ್ದು ಮಾಡಿತು. ಇತಿಹಾಸದಲ್ಲಿ ಅದೇ ಮೊದಲು. ಬ್ರಿಸ್ಟಲ್ ಕೊಲ್ಲಿಯ ಕಿಂಗ್ ಕ್ರ್ಯಾಬ್ ಅದಾಗಲೇ 2021ರಲ್ಲಿ ಬಂದ್ ಆಗಿತ್ತು. ಬ್ಯಾಂಕ್ ಸಾಲ ತೆಗೆದು ಹಡಗು ಕೊಂಡವರು, ಏಡಿಯ ತೆರಿಗೆ ನಂಬಿಕೊಂಡಿದ್ದ ಸೇಂಟ್ ಪಾಲ್‌ನಂಥ ಪುಟ್ಟ ದ್ವೀಪದ ಊರು, ಎಲ್ಲರೂ ಒಟ್ಟಿಗೆ ಕೂತುಬಿಟ್ಟರು. 2023ರಲ್ಲಿ ಕಿಂಗ್ ಕ್ರ್ಯಾಬ್, 2024ರಲ್ಲಿ ಸ್ನೋ ಕ್ರ್ಯಾಬ್ ಮತ್ತೆ ಶುರುವಾದವು. ಆದರೆ ಅಳತೆ ನೋಡಿ. 2020ರ ಸೀಸನ್ನಿಗೆ ಸ್ನೋ ಕ್ರ್ಯಾಬ್ ಸುಮಾರು 20,400 ಟನ್ ಹಿಡಿಯಲು ಬಿಟ್ಟಿದ್ದರು, 2024ರಲ್ಲಿ ಸುಮಾರು 2,140 ಟನ್. ಹತ್ತರಲ್ಲಿ ಒಂದು ಪಾಲು.

## ಹಾಗಾದರೆ ಆ ರೀಲ್?

ಚಿಕ್ಕಪ್ಪನ ಮಗನಿಗೆ ಕೊನೆಗೆ ಹೇಳಿದ್ದು ಇಷ್ಟು. ಆ ಹಡಗು ನಿಜ, ಆ ಏಡಿ ನಿಜ, ಅಷ್ಟು ದುಡಿದವರು ಇರುವುದೂ ನಿಜ. ಆದರೆ ಡೆಕ್ಕಿನ ಒಂದೊಂದು ಜಾಗಕ್ಕೂ ಅಲ್ಲಿನವರೇ, ಅನುಭವ ಇದ್ದವರೇ ಕಾದು ನಿಂತಿದ್ದಾರೆ. ಅಮೆರಿಕದಲ್ಲಿ ದುಡಿಯುವ ಪರವಾನಗಿ ಇಲ್ಲದವರನ್ನು ಹತ್ತಿಸಿಕೊಳ್ಳುವ ಹಾಗಿಲ್ಲ, ಅದರ ಮೇಲೆ ಅಲಾಸ್ಕಾ ರಾಜ್ಯದ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇರೆ. ಮೀನು ಹೆಚ್ಚುವ ಕಾರ್ಖಾನೆಯ ಕೆಲಸ ಇನ್ನೊಂದು, ಅದಕ್ಕೆ ಗಂಟೆಗೆ ಇಷ್ಟು ಅಂತ ಕೂಲಿ, ಅರ್ಧ ಕೋಟಿ ಅಲ್ಲ.

"ಮತ್ತೆ ಅವನು ರಿಜಿಸ್ಟ್ರೇಷನ್‌ಗೆ ಮೂವತ್ತು ಸಾವಿರ ಯಾಕೆ ಕೇಳ್ತಿದ್ದಾನೆ?" ಅಂದ.

ಪಾಲು ಕೊಡುವ ಹಡಗಿನವನು ಮೊದಲೇ ದುಡ್ಡು ಕೇಳುವುದಿಲ್ಲ ಕಣೋ, ಅಂದೆ. ಬ್ಲಾಕ್ ಮಾಡಿದ.